ಬದಲಾಯಿಸಿದ ಚಪ್ಪೆ ಕೀಲು ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನನಗೆ 46 ವರ್ಷ. ಮಹಾಲಿಂಗಪುರದ ಹತ್ತಿರ ನಮ್ಮದು ಕಬ್ಬಿನ ಹೊಲ. ಬಲಗಡೆ ಚಪ್ಪೆಯಲ್ಲಿ ತೊಡೆ ಎಲುಬಿನ ತುದಿಯ ಗುಂಡಿಗೆ ರಕ್ತ ಹೋಗುವುದು ನಿಂತು ಅದು ಕುಸಿದಿದೆ, ಕೀಲು ಬದಲಾಯಿಸಲೇಬೇಕು ಎಂದು ಎರಡು ಕಡೆ ಹೇಳಿದ್ದಾರೆ. ನಮ್ಮ ಸೋದರಮಾವನಿಗೆ 2003ರಲ್ಲಿ ಹಾಕಿದ ಕೀಲು ಇನ್ನೂ ಗಟ್ಟಿ ಇದೆ. ಆದರೆ ನಮ್ಮೂರಿನ ಇನ್ನೊಬ್ಬರದು ಒಂಬತ್ತೇ ವರ್ಷಕ್ಕೆ ಸಡಿಲಾಗಿ ಮತ್ತೆ ಆಪರೇಷನ್ ಆಯಿತು. ಹೀಗೇಕೆ? ದುಬಾರಿ ಸೆರಾಮಿಕ್ ಹಾಕಿಸಿಕೊಂಡರೆ ಜಾಸ್ತಿ ವರ್ಷ ಬರುತ್ತದೆಯೇ? ಕೆಳಗೆ ಕೂತು ಊಟ ಮಾಡುವುದು, ಹೊಲದ ಕೆಲಸ, ಯುಗಾದಿಗೆ ಶ್ರೀಶೈಲ ಪಾದಯಾತ್ರೆ ಎಲ್ಲ ಬಿಡಬೇಕೇ? ತಂಬಾಕಿನ ಚಟ ಇದೆ, ಸ್ವಲ್ಪ ಸಕ್ಕರೆ ಕಾಯಿಲೆಯೂ ಇದೆ.

ಉತ್ತರ: ಮೊದಲು ಅಂಕಿ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ಕೇಳುವುದು ಅದನ್ನೇ. 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟವಾಯಿತು. ಆಸ್ಟ್ರೇಲಿಯಾ ಮತ್ತು ಫಿನ್‌ಲೆಂಡ್ ದೇಶಗಳು ಕೀಲು ಹಾಕಿಸಿಕೊಂಡವರ ದಾಖಲೆಯನ್ನು ದೇಶಮಟ್ಟದಲ್ಲಿ ಇಡುತ್ತವೆ. ಆ ದಾಖಲೆಗಳ ಪ್ರಕಾರ, 100 ಚಪ್ಪೆ ಕೀಲುಗಳಲ್ಲಿ ಸುಮಾರು 89 ಕೀಲುಗಳು 15 ವರ್ಷ ದಾಟಿದ್ದವು. 20 ವರ್ಷ ದಾಟಿದ್ದು ಸುಮಾರು 70. 25 ವರ್ಷ ದಾಟಿದ್ದು 58. ಅಂದರೆ ನಿಮ್ಮ ಸೋದರಮಾವನದು ಪವಾಡವೇನಲ್ಲ. ನಿಮ್ಮೂರಿನವರಂತೆ ಬೇಗ ಸಡಿಲಾಗುವುದು ಕಡಿಮೆ, ಆದರೆ ಆಗುತ್ತದೆ.

ಈ ಅಂಕಿಯನ್ನು ನಿಮ್ಮ ವಯಸ್ಸಿಗೆ ಹೊಂದಿಸಿ ಓದಬೇಕು. ಬ್ರಿಟನ್ನಿನ ಇನ್ನೊಂದು ದೊಡ್ಡ ಅಧ್ಯಯನ 2017ರಲ್ಲಿ ಬಂತು. 70 ದಾಟಿದ ಮೇಲೆ ಕೀಲು ಹಾಕಿಸಿಕೊಂಡವರಲ್ಲಿ, ಬದುಕಿರುವಷ್ಟು ಕಾಲದಲ್ಲಿ ಮತ್ತೊಮ್ಮೆ ಆಪರೇಷನ್ ಬೇಕಾಗುವ ಸಾಧ್ಯತೆ ಸುಮಾರು ಶೇ. 5. ಐವತ್ತರ ಆಸುಪಾಸಿನ ಗಂಡಸರಲ್ಲಿ ಅದು ಶೇ. 30ರ ಆಸುಪಾಸಿಗೂ ಹೋಗುತ್ತದೆ. ಇದಕ್ಕೆ ಕಾರಣ ಎರಡು. ಚಿಕ್ಕ ವಯಸ್ಸಿನವರು ಮುಂದೆ ಹೆಚ್ಚು ವರ್ಷ ಬದುಕುತ್ತಾರೆ, ಕೀಲನ್ನು ಹೆಚ್ಚು ದುಡಿಸುತ್ತಾರೆ. ನಿಮಗೆ 46. ಹೆದರಿಸಲು ಇದನ್ನು ಹೇಳುತ್ತಿಲ್ಲ. ಎಪ್ಪತ್ತೈದರ ಅಜ್ಜಿಗೆ ನಡೆಯುವ ಲೆಕ್ಕ ನಿಮಗೆ ನಡೆಯುವುದಿಲ್ಲ, ನೀವು ಜಾಸ್ತಿ ಜೋಪಾನ ಮಾಡಬೇಕು, ಅಷ್ಟೇ.

ಜನ ನನ್ನ ಹತ್ತಿರ ಬಂದಾಗ ಯಾವ ಕಂಪನಿಯದು, ಎಷ್ಟು ರೇಟು, ಗ್ಯಾರಂಟಿ ಎಷ್ಟು ವರ್ಷ ಎಂದು ಕೇಳುತ್ತಾರೆ. ಎಲುಬಿನ ಬಗ್ಗೆ ಕೇಳುವವರು ತೀರಾ ಕಡಿಮೆ. ಆದರೆ ಹಾಕಿದ ಲೋಹ ಮುರಿದು ಕೀಲು ಕೆಡುವುದು ಈಗ ಬಹಳ ಅಪರೂಪ. ಕೀಲು ಕೆಡುವುದು ಸುತ್ತಲಿನ ಎಲುಬು ಅದರ ಮೇಲಿನ ಹಿಡಿತ ಬಿಟ್ಟಾಗ. ಹಾಗಾಗಿ ಎಲುಬು ಆ ಲೋಹವನ್ನು ಹೇಗೆ ಹಿಡಿಯುತ್ತದೆ, ಯಾಕೆ ಬಿಡುತ್ತದೆ ಎನ್ನುವುದು ಗೊತ್ತಾದರೆ ನಿಮ್ಮ ಮುಕ್ಕಾಲು ಪ್ರಶ್ನೆಗೆ ಉತ್ತರ ಸಿಕ್ಕಂತೆ.

ಹಾಕುವ ಕೀಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ಸೊಂಟದ ಎಲುಬಿನ ಗುಳಿಯಲ್ಲಿ ಕೂರುವ ಲೋಹದ ಬಟ್ಟಲು, ಅದರೊಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್‌ನ (ಪಿಂಗಾಣಿ ಜಾತಿಯ) ಒಳಪದರ, ಅಂದರೆ ಲೈನರ್, ಅದರಲ್ಲಿ ತಿರುಗುವ ಗುಂಡು, ಆ ಗುಂಡನ್ನು ಹೊತ್ತು ತೊಡೆ ಎಲುಬಿನ ಟೊಳ್ಳಿನೊಳಗೆ ಇಳಿಯುವ ಸ್ಟೆಮ್. ನಿಮ್ಮ ವಯಸ್ಸಿನವರಿಗೆ ಸಾಮಾನ್ಯವಾಗಿ ಸಿಮೆಂಟ್ ಇಲ್ಲದ ಕೀಲು ಹಾಕುತ್ತಾರೆ. ಬಟ್ಟಲಿನ ಹೊರಮೈ ಒರಟಾಗಿ, ಸಣ್ಣ ಸಣ್ಣ ರಂಧ್ರಗಳಿಂದ ತುಂಬಿರುತ್ತದೆ. ಆರರಿಂದ ಹನ್ನೆರಡು ವಾರದಲ್ಲಿ ನಿಮ್ಮದೇ ಎಲುಬು ಆ ರಂಧ್ರಗಳೊಳಗೆ ಬೆಳೆದು ಲೋಹವನ್ನು ಕಚ್ಚಿ ಹಿಡಿಯುತ್ತದೆ.

ಹಾಗೆ ಬೆಳೆಯಬೇಕಾದರೆ ಅಲ್ಲಿಯವರೆಗೆ ಲೋಹ ಅಲುಗಾಡಬಾರದು. ಪೂರ್ತಿ ಅಲುಗಾಡದೆ ಇರುವುದು ಸಾಧ್ಯವಿಲ್ಲ, ಹೆಜ್ಜೆ ಇಟ್ಟಾಗ ಒಂದಿಷ್ಟು ಕದಲುತ್ತದೆ. ಆ ಕದಲುವಿಕೆ 40-50 ಮೈಕ್ರಾನ್ ಒಳಗಿದ್ದರೆ ಎಲುಬು ಬೆಳೆಯುತ್ತದೆ. 150 ಮೈಕ್ರಾನ್ ದಾಟಿದರೆ ಎಲುಬಿನ ಬದಲು ಮೆತ್ತನೆಯ ನಾರಿನ ಪೊರೆ ಬೆಳೆಯುತ್ತದೆ. 150 ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಏಳನೇ ಒಂದು ಭಾಗದಷ್ಟು, ಕಣ್ಣಿಗೆ ಕಂಡೂ ಕಾಣದ ಅಳತೆ. ಎತ್ತು ಕಟ್ಟಲು ಗೂಟ ಬಡಿಯುತ್ತೀರಿ ಅಲ್ವಾ? ಬಿಗಿಯಾಗಿ ಬಡಿದು, ಮಣ್ಣು ಕೂರುವ ತನಕ ಬಿಟ್ಟರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಬಡಿದ ಕೂಡಲೇ ಎತ್ತು ಎಳೆದಾಡಿದರೆ ಸುತ್ತ ಸಂದಿ ಬಿಡುತ್ತದೆ, ಆಮೇಲೆ ಎಷ್ಟು ಮಣ್ಣು ತುಳಿದರೂ ಮೊದಲಿನ ಬಿಗಿ ಬರುವುದಿಲ್ಲ. ಕೀಲಿನ ಮೊದಲ ಮೂರು ತಿಂಗಳು ಹೀಗೇ. ಆಗ ವಾಕರ್ ಹಿಡಿಯಿರಿ, ಕೋಲು ಹಿಡಿಯಿರಿ, ಭಾರ ಎತ್ತಬೇಡಿ ಎಂದು ನಾವು ಹಠ ಹಿಡಿಯುವುದು ಇದಕ್ಕೇ.

ಈ ಬಿಗಿ ಆಪರೇಷನ್ ಟೇಬಲ್ ಮೇಲೆಯೇ ಅರ್ಧ ತೀರ್ಮಾನವಾಗಿರುತ್ತದೆ. ಗುಳಿಯನ್ನು ರೀಮರ್‌ನಿಂದ ಹದವಾಗಿ ಕೊರೆಯುತ್ತ ಹೋದಂತೆ ಮೇಲಿನ ಗಟ್ಟಿ ಬಿಳಿ ಪದರ ಹೋಗುತ್ತದೆ. ಕೆಳಗಿನ ಜೀವಂತ ಎಲುಬಿನಲ್ಲಿ ಸಾಸಿವೆಗಿಂತ ಸಣ್ಣ ರಕ್ತದ ಚುಕ್ಕೆಗಳು ಕಾಣತೊಡಗುತ್ತವೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೂ ಕೊರೆದರೆ ಹಿಡಿಯುವ ಎಲುಬೇ ತೆಳುವಾಗುತ್ತದೆ, ಕಡಿಮೆ ಕೊರೆದರೆ ಬಟ್ಟಲು ಒಳಗೆ ಸರಿಯಾಗಿ ಕೂರುವುದಿಲ್ಲ. ತೊಡೆ ಎಲುಬಿಗೆ ಸ್ಟೆಮ್ ಬಡಿಯುವಾಗಲೂ ಹಾಗೆಯೇ. ಸುತ್ತಿಗೆಯ ಏಟಿನ ಸದ್ದು ಬದಲಾಗುತ್ತದೆ. ಮೊದಲು ಪೊಳ್ಳು ಸದ್ದು, ಕೂತ ಮೇಲೆ ಗಟ್ಟಿ, ತೀಕ್ಷ್ಣ ಸದ್ದು. ಆಮೇಲೂ ಬಡಿದರೆ ಎಲುಬು ಸೀಳುತ್ತದೆ. ಈ ಕೈ ಹದ ಬರುವುದು ಮಾಡಿ ಮಾಡಿ. ಅದಕ್ಕೇ ನಾನು ಹೇಳುವುದು: ಕಂಪನಿ ಕೇಳುವ ಮೊದಲು, ‘ನೀವು ಈ ಆಪರೇಷನ್ ಎಷ್ಟು ಮಾಡುತ್ತೀರಿ?’ ಎಂದು ಸರ್ಜನ್‌ರನ್ನು ಕೇಳಿ. ಇದರಲ್ಲಿ ಸಂಕೋಚ ಬೇಡ. ಒಳ್ಳೆಯ ಸರ್ಜನ್ ಬೇಜಾರು ಮಾಡಿಕೊಳ್ಳುವುದಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ. ಈ ಆಪರೇಷನ್‌ಗೆ ಈಗ ಪುಣೆ, ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ.

ಎಲುಬು ತೆಳುವಾದ ವಯಸ್ಸಾದವರ ವಿಷಯ ಬೇರೆ. ಅವರ ತೊಡೆ ಎಲುಬಿಗೆ ಸಿಮೆಂಟ್ ಹಾಕಿ ಸ್ಟೆಮ್ ಕೂರಿಸುವುದು ಒಳ್ಳೆಯದು, ಎಲುಬು ಸೀಳುವ ಅಪಾಯ ಕಡಿಮೆ. ಸಿಮೆಂಟ್ ಅಂದರೆ ಮನೆ ಕಟ್ಟುವ ಸಿಮೆಂಟ್ ಅಲ್ಲ, ಹಲ್ಲಿನ ಸೆಟ್ ಮಾಡುವ ಅಕ್ರಿಲಿಕ್ ಜಾತಿಯದ್ದು. ‘ಸಿಮೆಂಟ್ ಹಾಕಿದ್ದು ಹಳೇ ಕಾಲದ್ದು, ಕೀಳು’ ಎಂಬ ಮಾತು ಊರಲ್ಲಿ ಓಡಾಡುತ್ತದೆ. ಅದು ತಪ್ಪು. ಸಿಮೆಂಟ್ ಹಾಕಿ ಮೂವತ್ತು ವರ್ಷ ಬಾಳಿದ ಕೀಲುಗಳು ಜಗತ್ತಿನಲ್ಲಿ ಬೇಕಾದಷ್ಟಿವೆ.

ಈಗ ಎಲುಬು ಒಮ್ಮೆ ಹಿಡಿದದ್ದನ್ನು ಯಾಕೆ ಬಿಡುತ್ತದೆ ಎನ್ನುವುದಕ್ಕೆ ಬರುತ್ತೇನೆ. ಇದಕ್ಕೆ ಅರವತ್ತು ವರ್ಷಕ್ಕೂ ಹಿಂದಿನ ಒಂದು ಸಂಗತಿ ಹೇಳಲೇಬೇಕು. ಇಂದಿನ ಚಪ್ಪೆ ಕೀಲಿಗೆ ದಾರಿ ಹಾಕಿದವರು ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲಿ. ರೈಟಿಂಗ್ಟನ್ ಎಂಬಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 1950ರ ದಶಕದ ಕೊನೆಗೆ ಅವರು ಟೆಫ್ಲಾನ್‌ನ ಬಟ್ಟಲು ಹಾಕಿ ನೋಡಿದರು. ಟೆಫ್ಲಾನ್ ತುಂಬಾ ಜಾರುವ ವಸ್ತು, ಘರ್ಷಣೆ ಕಡಿಮೆ. ರೋಗಿಗಳು ನೋವಿಲ್ಲದೆ ಓಡಾಡಿದರು. ಆದರೆ ಕೆಲವೇ ವರ್ಷದಲ್ಲಿ ಟೆಫ್ಲಾನ್ ಸವೆದು ಪುಡಿಯಾಯಿತು. ಆ ಪುಡಿ ಸುತ್ತ ಗಿಣ್ಣಿನಂಥ ಗಡ್ಡೆ ಬೆಳೆಸಿ ಎಲುಬನ್ನು ತಿಂದುಹಾಕಿತು. ಅವರು ಅದನ್ನು ಕೈಬಿಟ್ಟು 1962ರ ನವೆಂಬರ್‌ನಿಂದ ಗಟ್ಟಿ ಪಾಲಿಥೀನ್ ಬಟ್ಟಲು ಹಾಕತೊಡಗಿದರು. ಅಲ್ಲಿಂದ ಈ ಆಪರೇಷನ್ ಜಗತ್ತಿಗೆಲ್ಲ ಹಬ್ಬಿತು. ಗುಂಡು ಚೆನ್ನಾಗಿ ಜಾರಿದರೆ ಸಾಲದು, ಸವೆತದ ಪುಡಿ ಕಡಿಮೆ ಇರಬೇಕು ಎನ್ನುವುದು ಆಗಲೇ ಗೊತ್ತಾಗಿತ್ತು.

ಪಾಲಿಥೀನ್ ಕೂಡ ಸವೆಯುತ್ತದೆ. ನೀವು ಹೆಜ್ಜೆ ಇಟ್ಟಾಗಲೆಲ್ಲ ಲೈನರ್‌ನಿಂದ ಕಣ್ಣಿಗೆ ಕಾಣದ ಪುಡಿ ಉದುರುತ್ತದೆ, ಬಹುಪಾಲು ಕಣಗಳು ಒಂದು ಮೈಕ್ರಾನ್‌ಗಿಂತ ಸಣ್ಣವು. ನಮ್ಮ ಮೈಯಲ್ಲಿ ಕಸ ನುಂಗುವ ಜೀವಕೋಶಗಳಿವೆ. ಅವು ಈ ಪುಡಿಯನ್ನು ನುಂಗುತ್ತವೆ, ಆದರೆ ಪ್ಲಾಸ್ಟಿಕ್ ಅರಗಿಸಿಕೊಳ್ಳಲು ಅವುಗಳಿಂದ ಆಗುವುದಿಲ್ಲ. ಆಗ ಅವು ಕೆರಳಿ ರಾಸಾಯನಿಕ ಸಂದೇಶ ಕಳಿಸುತ್ತವೆ. ಎಲುಬು ಕರಗಿಸುವ ಕೋಶಗಳು ಅದನ್ನು ಕೇಳಿ ಕೆಲಸಕ್ಕೆ ಇಳಿಯುತ್ತವೆ. ಲೋಹದ ಸುತ್ತ ಎಲುಬು ಸದ್ದಿಲ್ಲದೆ ಕರಗುತ್ತದೆ. ಮತ್ತೆ ಆಪರೇಷನ್ ಮಾಡಿ ಒಳಗೆ ನೋಡಿದಾಗ ಎಲುಬು ಇರಬೇಕಾದ ಜಾಗದಲ್ಲಿ ಬೂದು-ಹಳದಿ ಬಣ್ಣದ ಮೆತ್ತನೆಯ ವಸ್ತು ತುಂಬಿರುತ್ತದೆ, ಚಮಚದಿಂದ ಬಾಚಿ ತೆಗೆಯುವ ಹಾಗೆ. ಇಷ್ಟೆಲ್ಲ ಆಗುವಾಗ ರೋಗಿಗೆ ಎಷ್ಟೋ ಸಲ ಒಂದು ಚೂರೂ ನೋವಿರುವುದಿಲ್ಲ. ನನಗೆ ಅತಿ ಹೆಚ್ಚು ಕಳವಳ ತರುವುದು ಇದೇ.

ಎಷ್ಟು ಸವೆದರೆ ಅಪಾಯ? ವರ್ಷಕ್ಕೆ 0.1 ಮಿಲಿಮೀಟರಿಗಿಂತ ಕಡಿಮೆ ಸವೆದರೆ ಎಲುಬು ಕರಗುವುದು ಅಪರೂಪ ಎಂದು ಹಲವು ಅಧ್ಯಯನಗಳು ತೋರಿಸಿವೆ. ಹಳೆಯ ಪಾಲಿಥೀನ್ ಆ ಗೆರೆಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲೆ ಸವೆಯುತ್ತಿತ್ತು. 1990ರ ದಶಕದ ಮಧ್ಯದವರೆಗೆ ಅದನ್ನು ಗಾಳಿಯಲ್ಲೇ ಗಾಮಾ ಕಿರಣ ಬಿಟ್ಟು ಶುದ್ಧಿ ಮಾಡುತ್ತಿದ್ದರು. ಅದರಿಂದ ಪ್ಲಾಸ್ಟಿಕ್ ಆಮ್ಲಜನಕ ಹೀರಿ, ಪೊಟ್ಟಣದಲ್ಲಿ ಕೂತಲ್ಲೇ ಪೆಡಸಾಗುತ್ತಿತ್ತು. 1990ರ ದಶಕದ ಕೊನೆಗೆ ಕ್ರಾಸ್-ಲಿಂಕ್ ಪಾಲಿಥೀನ್ ಬಂತು. ಪ್ಲಾಸ್ಟಿಕ್‌ನ ಎಳೆಗಳನ್ನು ಒಂದಕ್ಕೊಂದು ಬೆಸೆದ ಮಾಲು ಇದು. ಇದರ ಸವೆತ ಹಳೆಯದರ ಒಂದು ಸಣ್ಣ ಪಾಲು, ಸಾಮಾನ್ಯವಾಗಿ ವರ್ಷಕ್ಕೆ 0.05 ಮಿಲಿಮೀಟರಿಗಿಂತ ಕಡಿಮೆ. ಕೀಲಿನ ಬಾಳಿಕೆಯಲ್ಲಿ ನನ್ನ ವೃತ್ತಿ ಕಂಡ ಅತಿ ದೊಡ್ಡ ಸುಧಾರಣೆ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ. ಮೇಲೆ ಹೇಳಿದ 25 ವರ್ಷದ ಲೆಕ್ಕದಲ್ಲಿರುವುದು ಬಹುತೇಕ ಹಳೆಯ ಮಾಲಿನ ಕೀಲುಗಳು. ನಿಮಗೆ ಈಗ ಹಾಕುವುದು ಅದಕ್ಕಿಂತ ಚೆನ್ನಾಗಿಯೇ ಬಾಳಬೇಕು.

ಸೆರಾಮಿಕ್ ವಿಷಯ. ಸೆರಾಮಿಕ್ ಗುಂಡು ಲೋಹದ ಗುಂಡಿಗಿಂತ ನುಣುಪು, ಗೀರು ಬೀಳುವುದು ಕಷ್ಟ. ಗುಂಡು, ಲೈನರ್ ಎರಡೂ ಸೆರಾಮಿಕ್ ಆಗಿದ್ದರೆ ಸವೆತ ಎಲ್ಲಕ್ಕಿಂತ ಕಡಿಮೆ. ಫ್ರಾನ್ಸಿನ ಪಿಯರ್ ಬೂತಾನ್ 1970ರಲ್ಲೇ ಇದನ್ನು ಶುರು ಮಾಡಿದರು. ಆದರೆ ಅದಕ್ಕೆ ಅದರದೇ ತೊಡಕುಗಳಿವೆ. ಕೆಲವರಿಗೆ ನಡೆಯುವಾಗ ಕಿರುಗುಟ್ಟುವ ಸದ್ದು ಬರುತ್ತದೆ. ಬಟ್ಟಲಿನ ಕೋನ ಸ್ವಲ್ಪ ತಪ್ಪಿದರೂ ಅಂಚಿನ ಮೇಲೆ ಒತ್ತಡ ಬಿದ್ದು ಸಮಸ್ಯೆ ಮಾಡುತ್ತದೆ. ಒಡೆಯುವುದು ಈಗ ಬಹಳ ಅಪರೂಪ. ಆದರೆ ಒಡೆದರೆ ಚೂಪಾದ ಚೂರುಗಳು ಕೀಲಿನ ತುಂಬ ಹರಡುತ್ತವೆ, ಎಷ್ಟು ತೊಳೆದರೂ ಒಂದಷ್ಟು ಉಳಿಯುತ್ತವೆ, ಮುಂದೆ ಹಾಕುವ ಗುಂಡನ್ನೂ ಕೆಡಿಸುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ವಯಸ್ಸಿಗೆ, ನಿಮ್ಮ ಕೆಲಸಕ್ಕೆ, ಸೆರಾಮಿಕ್ ಗುಂಡು ಮತ್ತು ಕ್ರಾಸ್-ಲಿಂಕ್ ಪಾಲಿಥೀನ್ ಲೈನರ್ ಒಳ್ಳೆಯ ಜೋಡಿ. ಲೋಹದ ಗುಂಡಿಗೆ ಅದೇ ಲೈನರ್ ಇದ್ದರೂ ಚಿಂತೆಯಿಲ್ಲ. ಲೈನರ್ ಕ್ರಾಸ್-ಲಿಂಕ್ ಇದೆಯೇ ಎಂದು ಖಚಿತ ಮಾಡಿಕೊಳ್ಳಿ, ಗುಂಡಿನ ಮಾತು ಆಮೇಲೆ. ಗುಂಡು, ಲೈನರ್ ಎರಡೂ ಸೆರಾಮಿಕ್ ಹಾಕಿಸಲು ಹೊಲ ಒತ್ತೆ ಇಡುವುದು ಬೇಡವೇ ಬೇಡ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮಗೆ ಏನು ಸಿಗುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಿ, ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಹೊಸದೆಲ್ಲ ಒಳ್ಳೆಯದಲ್ಲ ಎನ್ನುವುದಕ್ಕೆ ಲೋಹದ ಗುಂಡು ನೇರ ಲೋಹದ ಬಟ್ಟಲಿಗೇ ಉಜ್ಜುವ ಕೀಲುಗಳೇ ಸಾಕ್ಷಿ. ಒಂದು ಕಾಲಕ್ಕೆ ಅದನ್ನು ಯುವಕರಿಗೆಂದೇ ತಂದರು. ಅದರಿಂದ ಕೋಬಾಲ್ಟ್, ಕ್ರೋಮಿಯಂ ಕಣಗಳು ರಕ್ತಕ್ಕೆ ಸೇರಿ, ಕೀಲಿನ ಸುತ್ತಲಿನ ಮಾಂಸಖಂಡ ಕೊಳೆತು ಅನೇಕರು ನರಳಿದರು. ಎಎಸ್ಆರ್ ಎಂಬ ಕೀಲನ್ನು ಕಂಪನಿಯೇ 2010ರ ಆಗಸ್ಟ್‌ನಲ್ಲಿ ಜಗತ್ತಿನಾದ್ಯಂತ ವಾಪಸ್ ಪಡೆಯಿತು. ನಮ್ಮ ದೇಶದವರಿಗೂ ಅದನ್ನು ಹಾಕಲಾಗಿತ್ತು. ಇಂಥದ್ದು ಬೇಗ ಗೊತ್ತಾಗಿದ್ದು ಆಸ್ಟ್ರೇಲಿಯಾ, ಇಂಗ್ಲೆಂಡ್‌ನಂಥ ಕಡೆ ಪ್ರತಿಯೊಂದು ಕೀಲಿನ ದಾಖಲೆ ಇದ್ದುದರಿಂದ. ಸ್ವೀಡನ್ 1979ರಿಂದಲೇ ಆ ಕೆಲಸ ಮಾಡುತ್ತಿದೆ. ಹತ್ತು-ಹದಿನೈದು ವರ್ಷದ ದಾಖಲೆ ಇರುವ ಕೀಲನ್ನೇ ಕೇಳಿ. ‘ಲೇಟೆಸ್ಟ್’ ಎಂಬ ಮಾತಿಗೆ ಮರುಳಾಗಬೇಡಿ.

ಇನ್ನು ಕೂರಿಸುವ ಕೋನ. ಬಟ್ಟಲು ಸುಮಾರು 40 ಡಿಗ್ರಿ ಓರೆಯಾಗಿ, 15 ಡಿಗ್ರಿಯಷ್ಟು ಮುಂದಕ್ಕೆ ತಿರುಗಿ ಕೂರಬೇಕು, ಎರಡರಲ್ಲೂ ಹತ್ತು ಡಿಗ್ರಿ ಆಚೀಚೆ ನಡೆಯುತ್ತದೆ ಎನ್ನುವುದು 1978ರಿಂದ ನಾವು ಬಳಸುತ್ತಿರುವ ಲೆಕ್ಕ. ತೀರಾ ಕಡಿದಾಗಿ ಕೂತರೆ ಒಂದೇ ಅಂಚು ಸವೆಯುತ್ತದೆ, ಗುಂಡು ಜಾರಿ ಆಚೆ ಬರುವ ಅಪಾಯವೂ ಜಾಸ್ತಿ. ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ ಎಂದು ಇತ್ತೀಚೆಗೆ ತಿಳಿದಿದೆ. ನಾವು ಕೂತಾಗ ಬೆನ್ನು ಬಗ್ಗಿ, ಸೊಂಟದ ಎಲುಬು ಹಿಂದಕ್ಕೆ ವಾಲಿ ಗುಂಡಿಗೆ ಜಾಗ ಮಾಡಿಕೊಡುತ್ತದೆ. ಬೆನ್ನು ಬಿಗಿಯಾಗಿದ್ದವರಿಗೆ ಅದು ಆಗುವುದಿಲ್ಲ, ಹಾಗಾಗಿ ಕೀಲು ತಪ್ಪುವ ಅಪಾಯ ಅವರಿಗೆ ಹೆಚ್ಚು. ನಮ್ಮ ಭಾಗಕ್ಕೆ ಇದು ಮುಖ್ಯ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಆ ನೀರು ಕುಡಿದವರ ಬೆನ್ನು ಮರದ ಹಲಗೆಯಂತೆ ಬಿಗಿದಿರುವುದನ್ನು ನಾವು ನೋಡುತ್ತೇವೆ. ನಿಮಗೂ ಬೆಳಿಗ್ಗೆ ಬೆನ್ನು ಬಗ್ಗುವುದಿಲ್ಲ ಎಂದಾದರೆ ಆಪರೇಷನ್‌ಗೆ ಮುಂಚೆ ಹೇಳಿ. ನಿಂತು, ಕೂತು ಎರಡು ಎಕ್ಸ್‌ರೇ ತೆಗೆದು ಬಟ್ಟಲಿನ ಕೋನ ಬದಲಿಸಬಹುದು. ಬೇಕಾದರೆ ಎರಡು ಕಡೆ ತಿರುಗುವ ಡ್ಯುಯಲ್ ಮೊಬಿಲಿಟಿ ಬಟ್ಟಲು ಹಾಕಬಹುದು.

ಕೆಳಗೆ ಕೂರುವುದರ ಬಗ್ಗೆ ಕೇಳಿದ್ದೀರಿ. ಇದಕ್ಕೆ ಒಬ್ಬೊಬ್ಬ ಡಾಕ್ಟರ್ ಒಂದೊಂದು ಹೇಳುತ್ತಾರೆ, ಜನರಿಗೆ ಗೊಂದಲ. ನಮ್ಮಲ್ಲಿ ಹೆಚ್ಚಾಗಿ ಹಿಂದಿನಿಂದ ಕೊಯ್ದು ಕೀಲು ಹಾಕುತ್ತಾರೆ. ಹಾಗೆ ಹಾಕಿದ ಕೀಲು ತಪ್ಪುವುದು ಯಾವಾಗ ಎಂದರೆ, ತೊಡೆ ಪೂರ್ತಿ ಮಡಚಿ, ಮಂಡಿ ಒಳಕ್ಕೆ ಬಂದು, ಪಾದ ಹೊರಕ್ಕೆ ಹೋದಾಗ. ಗಿಡ್ಡ ಸ್ಟೂಲ್ ಮೇಲೆ ಕೂತು ಮಂಡಿ ಜೋಡಿಸಿ ಕೆಳಗೆ ಬಿದ್ದ ಕುಡಗೋಲು ಎತ್ತಿಕೊಳ್ಳುವ ಭಂಗಿ ಸರಿಯಾಗಿ ಅದೇ. ಚಕ್ಕಳಮಕ್ಕಳ ಹಾಕಿದಾಗ ಮಂಡಿ ಹೊರಗಿರುತ್ತದೆ, ಹಾಗಾಗಿ ಆ ಭಂಗಿ ಅಷ್ಟು ಅಪಾಯವಲ್ಲ. ಅಪಾಯ ಇರುವುದು ಕೆಳಗೆ ಇಳಿಯುವಾಗ ಮತ್ತು ಏಳುವಾಗ. ಮೊದಲ ಮೂರು ತಿಂಗಳು ಕೆಳಗೆ ಕೂರುವುದು ಬೇಡ. ಕೀಲು ತಪ್ಪುವ ಪ್ರಸಂಗಗಳಲ್ಲಿ ಹೆಚ್ಚಿನವು ಆ ಅವಧಿಯಲ್ಲೇ ಆಗುತ್ತವೆ. ಆಮೇಲೆ, 32 ಅಥವಾ 36 ಮಿಲಿಮೀಟರಿನ ದೊಡ್ಡ ಗುಂಡು ಹಾಕಿದ್ದರೆ, ಕೋನ ಸರಿಯಿದ್ದರೆ, ನಿಮ್ಮ ಸರ್ಜನ್ ಒಪ್ಪಿದರೆ, ಮದುವೆ ಮನೆಯಲ್ಲೋ ಮಠದ ದಾಸೋಹದಲ್ಲೋ ಒಮ್ಮೊಮ್ಮೆ ಪಂಕ್ತಿಯಲ್ಲಿ ಕೂರಬಹುದು. ದಿನಾ ಮೂರು ಹೊತ್ತು ಬೇಡ. ಪೂರ್ತಿ ಮಡಚಿದಾಗ ಸ್ಟೆಮ್‌ನ ಕುತ್ತಿಗೆ ಲೈನರ್‌ನ ಅಂಚಿಗೆ ತಾಗುತ್ತದೆ, ತಾಗಿ ತಾಗಿ ಅಂಚು ಜಜ್ಜಿಹೋಗುತ್ತದೆ, ಅಲ್ಲಿಂದಲೂ ಪುಡಿ ಉದುರುತ್ತದೆ. ಕುಕ್ಕರಗಾಲಲ್ಲಿ ಕೂರುವುದನ್ನು ಮಾತ್ರ ಬಿಟ್ಟೇಬಿಡಿ. ಮನೆಯಲ್ಲಿ ಆಪರೇಷನ್‌ಗೆ ಮೊದಲೇ ಕಮೋಡ್ ಹಾಕಿಸಿ. ಹೊಲದಲ್ಲಿದ್ದಾಗ ಬಯಲಿಗೆ ಹೋಗುವ ರೂಢಿ ಇದ್ದರೆ ಅದಕ್ಕೂ ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ.

ಹೊಲದ ಕೆಲಸ ಬಿಡಬೇಕಿಲ್ಲ, ಬದಲಿಸಬೇಕು. ಬರ್ಲಿನ್‌ನಲ್ಲಿ ಹಾಕುವ ಕೀಲಿನೊಳಗೇ ಸೆನ್ಸರ್ ಇಟ್ಟು ಅಳೆದಿದ್ದಾರೆ. ಸಾಮಾನ್ಯ ನಡಿಗೆಯಲ್ಲಿ ಕೀಲಿನ ಮೇಲೆ ಮೈತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ನೀವು 70 ಕೆ.ಜಿ. ಇದ್ದರೆ ಸುಮಾರು 175 ಕೆ.ಜಿ. ಎಡವಿ ತಡವರಿಸಿದಾಗ ಅದು ಏಳೆಂಟು ಪಟ್ಟಿಗೆ ಏರಿದ್ದೂ ದಾಖಲಾಗಿದೆ. ಹಾಗಾಗಿ ಮೈಮೇಲೆ ಹೆಚ್ಚಿಗೆ ಇರುವ ಹತ್ತು ಕೆ.ಜಿ. ಕಳೆದರೆ ಕೀಲಿಗೆ ಪ್ರತಿ ಹೆಜ್ಜೆಗೂ 25 ಕೆ.ಜಿ. ಕಡಿಮೆ. ಗೊಬ್ಬರದ ಚೀಲ ಹೊರುವುದು, ಕಬ್ಬಿನ ಹೊರೆ ಎತ್ತಿ ಟ್ರೇಲರ್‌ಗೆ ಏರಿಸುವುದು ಬಿಡಿ. ನೀರು ಹಾಯಿಸುವುದು, ಬದುವಿನ ಮೇಲೆ ಓಡಾಡುವುದು, ಕೆಲಸ ಮಾಡಿಸುವುದು ಮಾಡಬಹುದು. ಬೈಕ್ ಮತ್ತು ಟ್ರ್ಯಾಕ್ಟರ್ ಮೂರು ತಿಂಗಳ ಮೇಲೆ. ರಾತ್ರಿ ಕರೆಂಟ್ ಬಂದಾಗ ಕತ್ತಲಲ್ಲಿ ಕೆಸರು ಬದು ದಾಟಿ ಪಂಪ್ ಹಚ್ಚಲು ಹೋಗುತ್ತೀರಲ್ಲ, ಅದು ನನಗೆ ಟ್ರ್ಯಾಕ್ಟರ್‌ಗಿಂತ ಹೆಚ್ಚು ಭಯ. ಜಾರಿ ಬಿದ್ದರೆ ಸ್ಟೆಮ್‌ನ ತುದಿಯಲ್ಲಿ ತೊಡೆ ಎಲುಬು ಮುರಿಯುತ್ತದೆ. ಅದನ್ನು ಸರಿಪಡಿಸುವುದು ಮೊದಲ ಆಪರೇಷನ್‌ಗಿಂತ ಬಹಳ ಕಷ್ಟ.

ಪಾದಯಾತ್ರೆಗೆ ಮೊದಲ ವರ್ಷ ಬೇಡ ಎನ್ನುತ್ತೇನೆ. ಎಲುಬು ಹಿಡಿದಿದೆ ಎಂದು ಒಂದು ವರ್ಷದ ಎಕ್ಸ್‌ರೇ ತೋರಿಸಲಿ. ಆಮೇಲೂ ನೂರಾರು ಕಿಲೋಮೀಟರ್ ಬರಿಗಾಲಲ್ಲಿ, ದಿನಾ ಬೆಳಗಿನಿಂದ ಸಂಜೆವರೆಗೆ ನಡೆಯುವುದನ್ನು ನಾನು ಮನಸಾರೆ ಒಪ್ಪುವುದಿಲ್ಲ. ಲ್ಯಾಬ್‌ಗಳಲ್ಲಿ ಕೀಲನ್ನು ಪರೀಕ್ಷೆ ಮಾಡುವಾಗ 10 ಲಕ್ಷ ಸುತ್ತನ್ನು ಸುಮಾರು ಒಂದು ವರ್ಷದ ನಡಿಗೆ ಎಂದು ಹಿಡಿಯುತ್ತಾರೆ. ಕೀಲಿಗೆ ಲೆಕ್ಕವಿರುವುದು ವರ್ಷದ್ದಲ್ಲ, ಹೆಜ್ಜೆಯದ್ದು. ಮನಸ್ಸು ತಡೆಯದಿದ್ದರೆ ಮೆತ್ತನೆಯ ಶೂ ಹಾಕಿ, ಎಡಗೈಯಲ್ಲಿ ಕೋಲು ಹಿಡಿದು, ಕೊನೆಯ ಒಂದು ದಿನದ ದಾರಿಯಷ್ಟೇ ನಡೆಯಿರಿ, ಉಳಿದದ್ದು ಗಾಡಿಯಲ್ಲಿ ಹೋಗಿ. ಕೀಲು ಬಲಗಡೆ ಇದ್ದರೆ ಕೋಲು ಎಡಗೈಯಲ್ಲೇ ಇರಬೇಕು, ಆಗ ಮಾತ್ರ ಭಾರ ಇಳಿಯುತ್ತದೆ.

ತಂಬಾಕಿನ ಬಗ್ಗೆ ನೀವೇ ಬರೆದಿದ್ದು ಒಳ್ಳೆಯದಾಯಿತು. ಎಷ್ಟೋ ಜನ ‘ನಾನು ಸಿಗರೇಟು ಸೇದಲ್ಲ’ ಎನ್ನುತ್ತಾರೆ, ದವಡೆಯಲ್ಲಿ ಎಲೆ-ಅಡಿಕೆ-ತಂಬಾಕು ಇಟ್ಟುಕೊಂಡೇ ಹೇಳುತ್ತಾರೆ. ನಿಕೋಟಿನ್ ಯಾವ ದಾರಿಯಿಂದ ಹೋದರೂ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗಾಯ ಮಾಯುವುದು ನಿಧಾನ, ಎಲುಬು ಬೆಳೆಯುವುದು ನಿಧಾನ. ಆಪರೇಷನ್‌ಗೆ ಒಂದೂವರೆ ತಿಂಗಳು ಮೊದಲೇ ಬಿಡಿ, ಕನಿಷ್ಠ ಮೂರು ತಿಂಗಳು ಆಮೇಲೂ ಮುಟ್ಟಬೇಡಿ. ಅಷ್ಟು ದಿನ ಬಿಟ್ಟವರಿಗೆ ಪೂರ್ತಿ ಬಿಡುವುದು ಕಷ್ಟವಲ್ಲ. ಚಪ್ಪೆಯ ಗುಂಡಿಗೆ ರಕ್ತ ಹೋಗುವುದು ನಿಲ್ಲಲು ಕುಡಿತ, ಸ್ಟೀರಾಯ್ಡ್ ಸಾಮಾನ್ಯ ಕಾರಣಗಳು. ಮೈಕೈ ನೋವಿಗೆಂದು ಹೆಸರಿಲ್ಲದ ಪುಡಿ, ಗುಳಿಗೆ ತಿನ್ನುವ ಅಭ್ಯಾಸ ಇದ್ದರೆ ನಿಲ್ಲಿಸಿ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಹೊಸದೇನಲ್ಲ. ಬಲಗಡೆ ಗುಂಡನ್ನು ಕೆಡಿಸಿದ ಕಾಯಿಲೆ ಎಡಗಡೆಗೂ ಬರಬಹುದು, ಎಂಆರ್‌ಐ ಮಾಡಿಸಿರದಿದ್ದರೆ ಎಡಗಡೆಯೂ ಸೇರಿಸಿ ಮಾಡಿಸಿ.

ಸಕ್ಕರೆ ಕಾಯಿಲೆ ‘ಸ್ವಲ್ಪ’ ಎನ್ನುವುದು ಬೇಡ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಅದು ಏಳೂವರೆ ಒಳಗೆ ಬರುವ ತನಕ ನಾನು ಈ ಆಪರೇಷನ್ ಮುಂದೂಡುತ್ತೇನೆ. ಗುಂಡು ಕುಸಿದಿರುವುದಕ್ಕೆ ಎರಡು ತಿಂಗಳು ತಡವಾದರೆ ನಷ್ಟವಿಲ್ಲ. ಕೀಲಿಗೆ ಸೋಂಕು ತಗಲಿದರೆ ಆಗುವ ನಷ್ಟ ದೊಡ್ಡದು. ಬ್ಯಾಕ್ಟೀರಿಯಾ ಲೋಹದ ಮೇಲೆ ಒಂದು ಲೋಳೆಯ ಪದರ ಕಟ್ಟಿಕೊಂಡು ಕೂರುತ್ತವೆ. ಆ ಪದರದೊಳಕ್ಕೆ ಆಂಟಿಬಯಾಟಿಕ್ ಇಳಿಯುವುದಿಲ್ಲ. ಎಷ್ಟೋ ಸಲ ಕೀಲು ಪೂರ್ತಿ ತೆಗೆದು, ತಿಂಗಳುಗಟ್ಟಲೆ ಕಾದು, ಮತ್ತೆ ಹಾಕಬೇಕಾಗುತ್ತದೆ. ಒಳ್ಳೆಯ ಆಸ್ಪತ್ರೆಗಳಲ್ಲಿ ಇದು ನೂರಕ್ಕೆ ಒಬ್ಬಿಬ್ಬರಿಗೆ ಆಗುತ್ತದೆ, ಆದರೆ ಸಕ್ಕರೆ ಹತೋಟಿ ತಪ್ಪಿದವರಲ್ಲಿ ಜಾಸ್ತಿ. ಆಪರೇಷನ್ ಆಗಿ ಹತ್ತು ವರ್ಷವಾದ ಮೇಲೂ ಬೇರೆ ಕಡೆಯ ಸೋಂಕು ರಕ್ತದ ಮೂಲಕ ಕೀಲಿಗೆ ಬಂದು ಕೂರಬಹುದು. ಹುಳುಕು ಹಲ್ಲು, ಉರಿಮೂತ್ರ, ಒಡೆದ ಹಿಮ್ಮಡಿ, ಕಬ್ಬಿನ ರವದಿ ಗೀರಿ ಕೀವಾದ ಕಾಲು. ಹಲ್ಲು ಮೊದಲೇ ಸರಿ ಮಾಡಿಸಿ. ಹೊಲಕ್ಕೆ ಬೂಟು, ಉದ್ದ ಪ್ಯಾಂಟು ಹಾಕಿ ಹೋಗಿ.

ನಿಮ್ಮೂರಿನವರಿಗೆ ಒಂಬತ್ತು ವರ್ಷಕ್ಕೇ ಯಾಕೆ ಹಾಗಾಯಿತು ಎಂದು ಅವರ ಎಕ್ಸ್‌ರೇ ನೋಡದೆ ತೀರ್ಪು ಕೊಡುವುದು ಸರಿಯಲ್ಲ. ಇಂಥವರಲ್ಲಿ ನಾವು ಹುಡುಕುವುದು ಮೂರು. ಮೊದಲಿನಿಂದಲೂ ಎಲುಬು ಹಿಡಿಯದೆ ನಾರಿನ ಪೊರೆಯ ಮೇಲೆಯೇ ಕೀಲು ನಿಂತಿತ್ತೇ? ಬಟ್ಟಲು ಕಡಿದಾಗಿ ಕೂತು ಲೈನರ್ ಬೇಗ ಸವೆಯಿತೇ? ಒಳಗೊಳಗೇ ಮೆಲ್ಲನೆ ಸೋಂಕಿತ್ತೇ? ಸಡಿಲಾದ ಕೀಲು ಎಂದು ಬರೀ ಹೊಸದು ಹಾಕಿದರೆ ಆಗುವುದಿಲ್ಲ. ಸೋಂಕು ಇಲ್ಲ ಎಂದು ಪರೀಕ್ಷೆ ಮಾಡಿಯೇ ಹಾಕಬೇಕು.

ನನ್ನ ದೊಡ್ಡ ವಿನಂತಿ ಒಂದಿದೆ. ನೋವಿಲ್ಲದಿದ್ದರೂ ಎಕ್ಸ್‌ರೇಗೆ ಬನ್ನಿ. ಆರು ವಾರಕ್ಕೆ, ಒಂದು ವರ್ಷಕ್ಕೆ, ಐದು ವರ್ಷಕ್ಕೆ, ಆಮೇಲೆ ಎರಡು-ಮೂರು ವರ್ಷಕ್ಕೊಮ್ಮೆ. ‘ಚೆನ್ನಾಗಿದ್ದೇನಲ್ಲ, ಸುಮ್ನೆ ಯಾಕೆ ಹೋಗಲಿ’ ಎಂದು ಹೆಚ್ಚಿನವರು ಬರುವುದೇ ಇಲ್ಲ. ಬರುವಾಗ ಹಳೆಯ ಎಕ್ಸ್‌ರೇ ತನ್ನಿ. ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇವೆ. ಗುಂಡು ಬಟ್ಟಲಿನ ನಡುಮಧ್ಯೆ ಇರಬೇಕು. ಮೇಲಕ್ಕೆ ಒಂದಿಷ್ಟು ಸರಿದಿದ್ದರೆ ಅಷ್ಟು ಲೈನರ್ ಸವೆದಿದೆ ಎಂದರ್ಥ. ಲೋಹ ಮತ್ತು ಎಲುಬಿನ ನಡುವೆ ಕಪ್ಪು ಗೆರೆ ಕಂಡು, ಅದು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಹಿಡಿತ ಬಿಡುತ್ತಿದೆ. ಈ ಹಂತದಲ್ಲಿ ಸಿಕ್ಕರೆ ಎಷ್ಟೋ ಸಲ ಲೈನರ್ ಮತ್ತು ಗುಂಡು ಮಾತ್ರ ಬದಲಿಸಿದರೆ ಸಾಕು. ಬಟ್ಟಲು, ಸ್ಟೆಮ್ ಹಾಗೇ ಉಳಿಯುತ್ತವೆ. ನೋವು ಬಂದ ಮೇಲೆ ಬಂದರೆ ಎಲುಬು ಆಗಲೇ ಹೋಗಿರುತ್ತದೆ, ಬೇರೆ ಎಲುಬು ತುಂಬಿ, ದೊಡ್ಡ ಲೋಹ ಹಾಕಬೇಕು. ಖರ್ಚು ಹಲವು ಪಟ್ಟು, ಬಾಳಿಕೆ ಮೊದಲಿನಷ್ಟಿಲ್ಲ.

ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಕೀಲಿನ ಸ್ಟಿಕ್ಕರ್ ಅಂಟಿಸಿಕೊಡುತ್ತಾರೆ. ಕಂಪನಿ, ಅಳತೆ, ಲಾಟ್ ನಂಬರ್ ಅದರಲ್ಲಿರುತ್ತವೆ. ಕೊಟ್ಟಿಲ್ಲವೆಂದರೆ ಕೇಳಿ ಪಡೆಯಿರಿ. ಫೋಟೋ ತೆಗೆದು ಮಗನ ಮೊಬೈಲ್‌ನಲ್ಲೂ ಇಡಿ. ಇಪ್ಪತ್ತು ವರ್ಷದ ಮೇಲೆ ಲೈನರ್ ಬದಲಿಸಬೇಕಾದರೆ ಆ ಸ್ಟಿಕ್ಕರ್ ಇಲ್ಲದೆ ಸರಿಹೊಂದುವ ಭಾಗ ಹುಡುಕುವುದು ಬಹಳ ತ್ರಾಸು.

ನಡುವೆ ಏನಾದರೂ ಬದಲಾದರೆ ಕಾಯಬೇಡಿ. ಕೂತು ಎದ್ದ ಮೊದಲ ಕೆಲವು ಹೆಜ್ಜೆಗೆ ಚುಚ್ಚಿ, ನಡೆದಂತೆ ಕಡಿಮೆಯಾಗುವ ನೋವು ಸಡಿಲಾಗುತ್ತಿರುವುದರ ಗುರುತು. ತೊಡೆಯಲ್ಲಿ ಬಂದರೆ ಸಾಮಾನ್ಯವಾಗಿ ಸ್ಟೆಮ್, ತೊಡೆಸಂದಿಯಲ್ಲಿ ಬಂದರೆ ಬಟ್ಟಲು. ಮಲಗಿದ್ದರೂ ಬಿಡದ ನೋವು, ಜ್ವರ, ಗಾಯದ ಜಾಗ ಕೆಂಪಾಗಿ ಊದುವುದು, ನೀರು ಅಥವಾ ಕೀವು ಬರುವುದು ಸೋಂಕಿನ ಲಕ್ಷಣ. ಆಗ ಮೆಡಿಕಲ್ ಶಾಪ್‌ನಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ. ಊರಿನ ಡಾಕ್ಟರ್ ಬರೆದುಕೊಟ್ಟರೂ, ‘ನನಗೆ ಕೀಲು ಹಾಕಿದ್ದಾರೆ, ಮೊದಲು ಅಲ್ಲಿ ತೋರಿಸುತ್ತೇನೆ’ ಎಂದು ಹೇಳಿ. ನಾವು ಸೂಜಿಯಿಂದ ಕೀಲಿನ ನೀರು ತೆಗೆದು ಯಾವ ಬ್ಯಾಕ್ಟೀರಿಯಾ ಎಂದು ಬೆಳೆಸಿ ನೋಡಬೇಕು. ನೀವು ಮೊದಲೇ ಎರಡು ದಿನ ಗುಳಿಗೆ ನುಂಗಿದ್ದರೆ ಲ್ಯಾಬ್‌ನಲ್ಲಿ ಅದು ಬೆಳೆಯದೆ ಹೋಗಬಹುದು, ಆಗ ಯಾವ ಔಷಧ ಕೊಡಬೇಕೆಂದು ನಮಗೆ ತಿಳಿಯುವುದಿಲ್ಲ. ಲಕ್ಷಣ ಕಂಡು ಎರಡು-ಮೂರು ವಾರದೊಳಗೆ ಬಂದರೆ ತೊಳೆದು, ಲೈನರ್ ಬದಲಿಸಿ, ಕೀಲನ್ನು ಉಳಿಸಿಕೊಳ್ಳುವ ಅವಕಾಶ ಇರುತ್ತದೆ.